ಸೋಮವಾರದ ಚೀಟಿಗಳು

ಸೆಪ್ಟೆಂಬರ್ 3, ಬುಧವಾರ

ನಾನು ಈ ಮನೆಯ ಯಜಮಾನಿ. ವಯಸ್ಸು ಅರವತ್ತೇಳು. ಹೈಸ್ಕೂಲು ಮುಗಿಸಿದ್ದೇನೆ, ಅದೂ ಮೊದಲ ದರ್ಜೆಯಲ್ಲಿ. ಗಂಡ ತೀರಿಕೊಂಡು ಹತ್ತೊಂಬತ್ತು ವರ್ಷವಾಯಿತು. ಅಂದಿನಿಂದ ನನ್ನನ್ನು ಕೇಳದೆ ಈ ಮನೆಯ ಗೋಡೆಗೆ ಒಂದು ಮೊಳೆಯನ್ನೂ ಯಾರೂ ಹೊಡೆದಿಲ್ಲ. ನಮ್ಮ ಚರ್ಚಿನ ಸಭೆಯ ಸ್ತ್ರೀಯರ ಕೂಟಕ್ಕೆ ಇಪ್ಪತ್ತಾರು ವರ್ಷದಿಂದ ನಾನೇ ಅಧ್ಯಕ್ಷೆ. ಎರಡು ವರ್ಷಕ್ಕೊಮ್ಮೆ ಚುನಾವಣೆ ನಡೆಯುತ್ತದೆ. ಎದುರು ಯಾರೂ ನಿಲ್ಲುವುದಿಲ್ಲ.

ಇದನ್ನೆಲ್ಲ ಬರೆಯಲು ಕಾರಣ ಹೊಸ ಪಾಸ್ಟರ್. ಸಭೆಗೆ ಮತ್ತೆ ಜೀವ ಬರಲೆಂದು ಇಂದಿನಿಂದ ನಲವತ್ತು ದಿನ ಉಜ್ಜೀವನದ ಪ್ರಾರ್ಥನೆ. ಪ್ರತಿಯೊಬ್ಬರೂ ಒಂದು ಪುಸ್ತಕ ಇಟ್ಟುಕೊಂಡು, ದೇವರು ತಮ್ಮೊಳಗೆ ಮಾಡುವ ಬದಲಾವಣೆಯನ್ನು ಬರೆಯಬೇಕಂತೆ. ನನ್ನಲ್ಲಿ ಬದಲಾಗಬೇಕಾದದ್ದು ಏನಿದೆಯೋ ತಿಳಿಯದು. ಆದರೆ ಉಳಿದ ಹೆಂಗಸರಿಗೆ ಬರೆಯಿರಿ ಎಂದು ಹೇಳುವವಳು ತಾನೇ ಬರೆಯದಿದ್ದರೆ ಹೇಗೆ? ಯಾರಿಗೂ ತೋರಿಸಬೇಕಿಲ್ಲ ಎಂದಿದ್ದಾರೆ. ಅದು ಒಳ್ಳೆಯದಾಯಿತು.

ಸಭೆ ಸೊರಗಿದೆ ಎಂಬುದು ನಿಜ. ಮುನ್ನೂರು ಜನ ಕೂರುವ ಬೆಂಚುಗಳಲ್ಲಿ ಎಪ್ಪತ್ತು ಜನ ಅಲ್ಲಲ್ಲಿ ಕೂರುತ್ತಿದ್ದೆವು. ಪಾಸ್ಟರ್ ಬಂದ ಆರು ತಿಂಗಳಲ್ಲಿ ಗಿಟಾರು ಬಂತು, ಡ್ರಮ್ಮು ಬಂತು, ದೊಡ್ಡ ಪರದೆ ಬಂತು. ಜನವೂ ಬರುತ್ತಿದ್ದಾರೆ. ಹಳೆಯ ಆರ್ಗನ್ ಇರಬೇಕೋ ಬೇಡವೋ ಎಂದು ಸಮಿತಿಯಲ್ಲಿ ಮತ ಹಾಕಿದಾಗ ನಾಲ್ಕಕ್ಕೆ ನಾಲ್ಕು ಆಯಿತು. ಕೊನೆಯ ಕೈ ನನ್ನದು. ಬೇಡ ಎಂದು ಎತ್ತಿದೆ. ಅದನ್ನು ಮೂವತ್ತೊಂದು ವರ್ಷ ನುಡಿಸಿದವಳು ನನ್ನ ಸ್ವಂತ ತಂಗಿ. ಅದಕ್ಕಾಗಿಯೇ ಎತ್ತಿದೆ. ತನ್ನವರ ಪರ ಮತ ಹಾಕುವವಳು ನಾನಲ್ಲ ಎಂದು ಎಲ್ಲರಿಗೂ ಗೊತ್ತಾಗಲಿ.

ತಂಗಿ ಏನೂ ಅನ್ನಲಿಲ್ಲ. ಅವಳು ಎಂದೂ ಏನೂ ಅನ್ನುವವಳಲ್ಲ. ಅಮ್ಮ ಹೋದಾಗ ಅವಳಿಗೆ ಒಂಬತ್ತು ವರ್ಷ, ನನಗೆ ಹದಿನೆಂಟು. ಅಂದಿನಿಂದ ನನ್ನ ಜೊತೆಯೇ ಇದ್ದಾಳೆ. ಮದುವೆಯಾಗಲಿಲ್ಲ. ಅವಳ ಅರ್ಜಿ, ಬ್ಯಾಂಕಿನ ಕಾಗದ, ಹಬ್ಬದ ಶುಭಾಶಯ ಎಲ್ಲವನ್ನೂ ನಾನೇ ಬರೆದುಕೊಡುತ್ತೇನೆ. ಅವಳು ಕೆಳಗೆ ಸಹಿ ಹಾಕುತ್ತಾಳೆ, ಅಷ್ಟೇ.

ಆರ್ಗನ್ನಿಗೆ ಬೂದು ಬಣ್ಣದ ಬಟ್ಟೆ ಹೊದಿಸಿ ಗೋಡೆಗೆ ತಳ್ಳಿದ್ದಾರೆ. ಬಾಗಿಲಿನಿಂದ ನೋಡಿದರೆ ಯಾರೋ ಕುಕ್ಕರಗಾಲಲ್ಲಿ ಕೂತಂತೆ ಕಾಣುತ್ತದೆ.

ಸೆಪ್ಟೆಂಬರ್ 8, ಸೋಮವಾರ

ಪ್ರಾರ್ಥನಾ ಸರಪಳಿಯ ಏರ್ಪಾಡು ಪೂರ್ತಿ ನನ್ನದು. ಬೆಳಿಗ್ಗೆ ಆರರಿಂದ ಸಂಜೆ ಆರರವರೆಗೆ ಅರ್ಧ ಗಂಟೆಗೊಬ್ಬರು ಪ್ರಾರ್ಥನಾ ಕೋಣೆಯಲ್ಲಿ ಮೊಣಕಾಲೂರಬೇಕು. ಒಬ್ಬರು ಏಳುವ ಮೊದಲು ಇನ್ನೊಬ್ಬರು ಬಂದಿರಬೇಕು. ಕೊಂಡಿ ಕಳಚಬಾರದು. ಬಾಗಿಲ ಪಕ್ಕದ ಗೋಡೆಗೆ ಮರದ ಪೆಟ್ಟಿಗೆ ಹಾಕಿಸಿದ್ದೇನೆ. ಕಷ್ಟದಲ್ಲಿರುವವರು ಚೀಟಿ ಬರೆದು ಹಾಕಬಹುದು. ಹೆಸರು ಬೇಡ, ಸಹಿ ಬೇಡ. ಬೀಗದ ಕೈ ನನ್ನೊಬ್ಬಳ ಹತ್ತಿರ. ಸೋಮವಾರ ತೆಗೆದು ಎಲ್ಲವನ್ನೂ ನನ್ನ ಅಕ್ಷರದಲ್ಲಿ ನಕಲು ಮಾಡಿ, ಮೂಲ ಚೀಟಿಗಳನ್ನು ಹರಿದುಹಾಕುತ್ತೇನೆ. ಕೈಬರಹ ನೋಡಿ ಇದು ಇಂಥವರದು ಎಂದು ಪಿಸುಗುಟ್ಟುವ ನಾಲಿಗೆಗಳು ನಮ್ಮ ಕೂಟದಲ್ಲಿ ಬೇಕಾದಷ್ಟಿವೆ. ಯಾರ ಚೀಟಿ ಎಂದು ಕೇಳುವುದು, ಊಹಿಸುವುದು ಎರಡೂ ನಿಷಿದ್ಧ. ಈ ನಿಯಮವನ್ನು ಮಾಡಿದವಳು ನಾನೇ.

ಇವತ್ತು ಹದಿಮೂರು ಚೀಟಿ. ಮಂಡಿನೋವು, ಮಗನ ಪರೀಕ್ಷೆ, ಕುಡಿಯುವ ಗಂಡ. ಒಂದು ಮಾತ್ರ ಬೇರೆ ಥರ. "ಒಬ್ಬ ಹೆಂಗಸಿಗೆ ಬೆಳಿಗ್ಗೆ ಏಳಲು ಕಾರಣವೇ ಸಿಗುತ್ತಿಲ್ಲ. ಅವಳಿಗಾಗಿ ಪ್ರಾರ್ಥಿಸಿ."

ಸೋಮಾರಿತನ ಎಂದುಕೊಂಡೆ. ಆದರೂ ನಕಲು ಮಾಡಿದೆ.

ಸೆಪ್ಟೆಂಬರ್ 10, ಬುಧವಾರ

ಆ ಹೆಂಗಸಿನ ಚೀಟಿಯನ್ನು ಆರು ಜನಕ್ಕೆ ಹಂಚಿದೆ. ತಂಗಿಯದು ಮಧ್ಯಾಹ್ನ ಮೂರೂವರೆಯ ಸರದಿ. ಅವಳಿಗೂ ಒಂದು ಕೊಟ್ಟೆ. ಪಾತ್ರೆ ಒರೆಸುತ್ತಿದ್ದವಳು ಕೈ ಒಣಗಿಸಿಕೊಂಡು ಅದನ್ನು ತೆಗೆದುಕೊಂಡಳು, ತುಂಬ ಹೊತ್ತು ನೋಡಿದಳು.

"ಏನೇ, ಕನ್ನಡಕ ಬೇಕಾ?" ಎಂದೆ.

"ಬೇಡ. ನಿನ್ನ ಅಕ್ಷರ ಯಾವಾಗಲೂ ಚೆನ್ನಾಗಿರತ್ತೆ ಅಕ್ಕ" ಎಂದಳು.

ಮೂರೂವರೆಗೆ ಸರಿಯಾಗಿ ಹೋಗಿ ಮೊಣಕಾಲೂರಿದಳು. ನಾನೇ ಕಿಟಕಿಯಿಂದ ನೋಡಿದೆ. ಯಾರು ತಪ್ಪಿಸಿಕೊಳ್ಳುತ್ತಾರೆಂದು ನೋಡುವುದೂ ನನ್ನ ಕೆಲಸವೇ.

ಸೆಪ್ಟೆಂಬರ್ 15, ಸೋಮವಾರ

ನಿನ್ನೆ ಆರಾಧನೆಯಲ್ಲಿ ನನ್ನ ಸ್ವರ ಒಡೆಯಿತು. ಹಳೆಯ ಕೀರ್ತನೆಯನ್ನೇ ಹಾಡಿಸಿದರು, ಆದರೆ ಆ ಗಿಟಾರಿನ ಹುಡುಗರು ಶ್ರುತಿಯನ್ನು ಎಲ್ಲಿಗೋ ಏರಿಸಿಟ್ಟಿದ್ದರು. ಎರಡನೇ ಚರಣಕ್ಕೆ ಗಂಟಲು ಕೈಕೊಟ್ಟಿತು. ಪಕ್ಕದಲ್ಲಿದ್ದ ನಿವೃತ್ತ ಹೆಡ್‌ಮಿಸ್ಟ್ರೆಸ್ ತಿರುಗಿ ನೋಡಿದಳು. ಈ ವಯಸ್ಸಿನಲ್ಲೂ ನನ್ನ ಸ್ವರ ಕುಂದಿಲ್ಲ ಎಂದು ಹೋದ ವರ್ಷ ಅವಳೇ ಹೊಗಳಿದ್ದಳು. ಈ ಹುಡುಗರಿಗೆ ಸಂಗೀತ ಬರುವುದಿಲ್ಲ, ಸದ್ದು ಮಾಡಲು ಬರುತ್ತದೆ.

ಇಂದು ಹತ್ತೊಂಬತ್ತು ಚೀಟಿ. ಮತ್ತೆ ಅದೇ ಕೈ. "ಅದೇ ಹೆಂಗಸು. ಮನೆಯಲ್ಲಿ ಎಲ್ಲರೂ ಒಳ್ಳೆಯವರೇ. ಯಾರೂ ಏನೂ ಕೇಳುವುದಿಲ್ಲ."

ನಕಲು ಮಾಡುವಾಗ ಕೊನೆಯ ಮಾತನ್ನು ಬಿಟ್ಟೆ. ಅದು ದೂರು. ದೇವರ ಮುಂದೆ ಮನೆಯವರ ಮೇಲೆ ದೂರು ಹೇಳುವುದು ಪ್ರಾರ್ಥನೆಯಲ್ಲ. ಮನೆಯವರು ಒಳ್ಳೆಯವರು ಎಂದ ಮೇಲೆ ಇನ್ನೇನು ಬೇಕಂತೆ ಅವಳಿಗೆ?

ತಂಗಿಗೆ ಈ ವಾರದ್ದನ್ನು ಕೊಟ್ಟಾಗ ಓದಿ, "ಇಷ್ಟೇನಾ?" ಎಂದಳು.

"ಇಷ್ಟೇ. ಇನ್ನೇನು, ಕಾದಂಬರಿ ಬರೀಬೇಕಿತ್ತಾ?"

ನಕ್ಕಳು. ಬಹಳ ದಿನದ ಮೇಲೆ ನಕ್ಕಿದ್ದು.

ಸೆಪ್ಟೆಂಬರ್ 18, ಗುರುವಾರ

ಉಜ್ಜೀವನ ನಮ್ಮ ಮನೆಗೇ ಮೊದಲು ಬಂದಿದೆ ಎಂದು ಬರೆಯಲು ಹೆಮ್ಮೆಯಾಗುತ್ತದೆ. ಹೋದ ಭಾನುವಾರ ಪಾಸ್ಟರ್ ನಮ್ಮನ್ನು ನಾವು ಬರಿದು ಮಾಡಿಕೊಳ್ಳುವ ಬಗ್ಗೆ ಪ್ರಸಂಗ ಮಾಡಿದ್ದರು. ತುಂಬಿದ ಪಾತ್ರೆಯಲ್ಲಿ ದೇವರು ಏನನ್ನೂ ಸುರಿಯಲಾರ ಎಂದರು. ಎಲ್ಲರೂ ಆಮೆನ್ ಎಂದರು, ಮನೆಗೆ ಹೋಗಿ ಊಟ ಮಾಡಿ ಮಲಗಿದರು. ನನ್ನ ತಂಗಿ ಮಾತ್ರ ಅದನ್ನು ನಡೆಸಿ ತೋರಿಸುತ್ತಿದ್ದಾಳೆ. ತನ್ನ ಕಪಾಟನ್ನು ಖಾಲಿ ಮಾಡಿದ್ದಾಳೆ. ಒಳ್ಳೆಯ ಸ್ವೆಟರುಗಳನ್ನೆಲ್ಲ ಬಡವರ ಪೆಟ್ಟಿಗೆಗೆ ಹಾಕಿದಳು. ಹೊಲಿಗೆ ಡಬ್ಬಿ, ಉಣ್ಣೆಯ ಉಂಡೆಗಳು ನಮ್ಮ ಜೊತೆಯೇ ಇರುವ ನನ್ನ ಸೊಸೆಗೆ. ತಾಳ ಹಾಕುವ ಪುಟ್ಟ ಯಂತ್ರವನ್ನು, ನಂಬಲಾಗುವುದಿಲ್ಲ, ಆ ಡ್ರಮ್ಮಿನವನಿಗೇ ಕೊಟ್ಟಳು. ವಾದ ಮಾಡುವುದನ್ನು ಬಿಟ್ಟಿದ್ದಾಳೆ. ಮೊದಲು ನಡುಮನೆಯ ಕಿಟಕಿ ತೆರೆಯುವ ವಿಷಯಕ್ಕೆ ನಮಗಿಬ್ಬರಿಗೂ ದಿನವೂ ಜಟಾಪಟಿ. ಈಗ "ನಿನಗೆ ಹೇಗೆ ಬೇಕೋ ಹಾಗೆ ಅಕ್ಕ" ಎನ್ನುತ್ತಾಳೆ. ಅರ್ಧ ಊಟಕ್ಕೇ ಏಳುತ್ತಾಳೆ. ಉಪವಾಸ ಹಿಡಿದಿರಬೇಕು. ಹೇಳಿಕೊಳ್ಳುವುದಿಲ್ಲ, ಅದೂ ಸರಿಯೇ.

ಪಾಸ್ಟರ್‌ಗೆ ಹೇಳಿದೆ. ಅವರ ಕಣ್ಣು ತುಂಬಿತು. "ಅಮ್ಮಾ, ಇದೇ ಫಲ. ನಲವತ್ತನೇ ದಿನ ನೀವು ಎದ್ದು ನಿಂತು ಸಾಕ್ಷಿ ಹೇಳ್ಬೇಕು" ಎಂದರು.

ಒಪ್ಪಿಕೊಂಡಿದ್ದೇನೆ.

ಸೆಪ್ಟೆಂಬರ್ 22, ಸೋಮವಾರ

ಮೂವತ್ತೊಂದು ಚೀಟಿ. ಅದೊಂದನ್ನು ಮೊದಲು ಹುಡುಕಿದೆ. ಸಿಕ್ಕಿತು.

"ಅದೇ ಹೆಂಗಸು. ಸಾಯುವುದು ಪಾಪವೆಂದು ಅವಳಿಗೆ ಗೊತ್ತು. ಆದರೂ ಅದನ್ನು ನೆನೆದಾಗ ಮಾತ್ರ ಅವಳಿಗೆ ನೆಮ್ಮದಿಯಾಗುತ್ತದೆ."

ನಕಲು ಮಾಡಲು ಪೆನ್ನು ಎತ್ತಿದವಳು ಎರಡು ಸಲ ಕೆಳಗಿಟ್ಟೆ. ಕೋಣೆಯಲ್ಲಿ ಸೆಕೆ ಇತ್ತು. ಆಮೇಲೆ ಪಾಸ್ಟರ್ ಹತ್ತಿರ ಹೋದೆ. ಅವರು ವೇದಿಕೆ ಅಗಲ ಮಾಡಲು ನೆಲ ಅಳೆಸುತ್ತಿದ್ದರು.

"ಇದು ಯಾರು ಅಂತ ಹುಡುಕಬೇಕಾ?" ಎಂದೆ.

ಅವರು ಓದಿ ಗಂಭೀರರಾದರು. "ಹುಡುಕೋಕೆ ಹೊರಟರೆ ನಾಳೆಯಿಂದ ಒಂದು ಚೀಟೀನೂ ಬೀಳೋದಿಲ್ಲ ಅಮ್ಮಾ. ನಿಯಮ ನಿಮ್ಮದೇ ಅಲ್ವಾ? ಪ್ರಾರ್ಥನೆ ಜಾಸ್ತಿ ಮಾಡೋಣ. ಎಲ್ಲಾ ಇಪ್ಪತ್ನಾಲ್ಕು ಸರದೀಗೂ ಇದನ್ನ ಕೊಡಿ."

ನಿಯಮ ನನ್ನದೇ. ಇಪ್ಪತ್ನಾಲ್ಕು ಸಲ ಬರೆದೆ. ಬರೆದು ಬರೆದು ಮಾತು ಕೈಗೆ ಅಂಟಿಕೊಂಡಿದೆ. ಮೂಲವನ್ನು ಹರಿದುಹಾಕಿದೆ.

ತಂಗಿಯ ಪಾಲಿನದನ್ನು ಅವಳ ತಟ್ಟೆಯ ಪಕ್ಕ ಇಟ್ಟೆ. ಅವಳು ಅದನ್ನು ನೋಡಿ, ನಂತರ ನನ್ನ ಮುಖ ನೋಡಿದಳು. ಏನೋ ಕಾಯುತ್ತಿರುವ ಹಾಗಿತ್ತು. "ಊಟ ಮಾಡು, ಆರತ್ತೆ" ಎಂದೆ.

ಸೆಪ್ಟೆಂಬರ್ 24, ಬುಧವಾರ

ನಾನು ನಿಯಮ ಮುರಿದಿಲ್ಲ. ದರ್ಜಿ ಹೆಂಗಸಿನ ಅಂಗಡಿಗೆ ಹೋಗಿದ್ದು ಕೋಟಿನ ಗುಂಡಿ ಹಾಕಿಸಲು. ಅವಳ ಗಂಡ ಬಿಟ್ಟುಹೋಗಿ ಎರಡು ವರ್ಷವಾಯಿತು, ಕಣ್ಣ ಕೆಳಗೆ ಕಪ್ಪು.

"ಬೆಳಿಗ್ಗೆ ಎಷ್ಟು ಗಂಟೆಗೆ ಏಳ್ತೀಯಾ?" ಎಂದು ಕೇಳಿದೆ.

"ಐದಕ್ಕೆ. ಯಾಕಮ್ಮಾ?"

"ಏಳೋಕೆ ಬೇಜಾರಾಗಲ್ವಾ?"

"ಬೇಜಾರಾಗೋಕೆ ಪುರುಸೊತ್ತು ಎಲ್ಲಿದೆ? ನಿಮ್ಮ ಕೂಟದ ಹನ್ನೆರಡು ಜನ ಅಳತೆ ಕೊಟ್ಟು ಹೋಗಿದ್ದಾರೆ. ಎಲ್ಲರೂ ಉಪವಾಸ ಅಂತೆ, ಎಲ್ಲರ ಸೊಂಟಾನೂ ಎರಡಿಂಚು ಹೆಚ್ಚಾಗಿದೆ."

ಇವಳಲ್ಲ. ದೇವರ ವಿಷಯದಲ್ಲಿ ತಮಾಷೆ ಮಾಡಬೇಡ ಎಂದು ಗದರಿಸಿ ಬಂದೆ. ದಾರಿಯುದ್ದಕ್ಕೂ ಎದುರು ಬಂದ ಹೆಂಗಸರ ಮುಖ ನೋಡುತ್ತಾ ಬಂದೆ. ಹಿಂದೆಂದೂ ನಾನು ಹಾಗೆ ಮುಖ ನೋಡಿದವಳಲ್ಲ. ಯಾರ ಮುಖದಲ್ಲೂ ಏನೂ ಬರೆದಿರುವುದಿಲ್ಲ.

ಸೆಪ್ಟೆಂಬರ್ 26, ಶುಕ್ರವಾರ

ಸೊಸೆ ಆಸ್ಪತ್ರೆಯಲ್ಲಿ ನರ್ಸು. ಬಾಯಿ ಜೋರು, ಆದರೆ ಕೆಲಸದಲ್ಲಿ ಬೆರಳು ತೋರಿಸುವ ಹಾಗಿಲ್ಲ. ಅವಳು ಚಹಾ ಕುಡಿಯುತ್ತಿದ್ದಾಗ ಸುಮ್ಮನೆ ಕೇಳುವವಳಂತೆ ಕೇಳಿದೆ: "ಯಾರಾದ್ರೂ ಬದುಕು ಬೇಡ ಅಂತ ಹೇಳ್ಕೊಂಡು ಬಂದರೆ ನಿಮ್ಮಲ್ಲಿ ಏನು ಮಾಡ್ತೀರಿ?"

"ಕೇಳ್ತೀವಿ ಅತ್ತೆ."

"ಏನಂತ?"

"ಸಾಯಬೇಕು ಅಂತಿದ್ದೀರಾ ಅಂತ. ನೇರವಾಗಿ."

"ಹಾಗೆ ಬಾಯಿಬಿಟ್ಟು ಕೇಳಿದರೆ ಇಲ್ಲದ ಯೋಚನೆ ತಲೇಲಿ ತುಂಬಿದ ಹಾಗಾಗಲ್ವಾ?"

"ಕೇಳಿದ್ರಿಂದ ಯಾರೂ ಸತ್ತಿದ್ದು ನಾನು ನೋಡಿಲ್ಲ. ಯಾರೂ ಕೇಳದೆ ಹೋದವರನ್ನ ನೋಡಿದ್ದೀನಿ." ಲೋಟ ಕೆಳಗಿಟ್ಟಳು. "ಯಾಕತ್ತೆ, ಯಾರು?"

"ಯಾರೂ ಇಲ್ಲ. ಸಭೆಯ ವಿಷಯ, ಗುಟ್ಟು."

"ಚಿಕ್ಕತ್ತೆ ಇತ್ತೀಚೆಗೆ ಸರಿಯಾಗಿ ಊಟಾನೇ ಮಾಡ್ತಿಲ್ಲ, ನೋಡಿದ್ರಾ?"

"ಅದು ಉಪವಾಸ. ನಿನಗೆ ಅದೆಲ್ಲ ಗೊತ್ತಾಗಲ್ಲ."

ಲೋಟ ಎತ್ತಿಕೊಂಡು ಎದ್ದಳು. ನಾನು ಹಾಗಂದ ಮೇಲೆ ಈ ಮನೆಯಲ್ಲಿ ಯಾರೂ ಮುಂದುವರಿಸುವುದಿಲ್ಲ.

ಇನ್ನೊಂದು ವಿಷಯ ಬರೆಯಬೇಕು. ನನ್ನ ರಕ್ತದೊತ್ತಡದ ಮಾತ್ರೆ, ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ವಾರದ ಡಬ್ಬಿಗೆ ತುಂಬುವ ಕೆಲಸ ಹನ್ನೊಂದು ವರ್ಷದಿಂದ ತಂಗಿಯದು. ಇವತ್ತು ನನ್ನನ್ನು ಕೂರಿಸಿಕೊಂಡು ಒಂದೊಂದನ್ನೂ ತೋರಿಸಿದಳು. ಬಿಳಿಯದು ಊಟಕ್ಕೆ ಮೊದಲು, ಹಳದಿ ಆಮೇಲೆ, ಅರ್ಧ ಮಾಡುವುದು ಇದನ್ನು. "ಇನ್ನು ಮೇಲೆ ನೀನೇ ತುಂಬಿಕೊ ಅಕ್ಕ. ನೀನೂ ಕಲೀಬೇಕಲ್ವಾ."

"ಯಾಕೆ, ನಿನಗೆ ಕೈ ಸೋತಿತಾ?" ಎಂದು ರೇಗಿದೆ.

"ಹೂಂ, ಸ್ವಲ್ಪ" ಎಂದಳು.

ಸೆಪ್ಟೆಂಬರ್ 29, ಸೋಮವಾರ

ಇಪ್ಪತ್ತೆಂಟು ಚೀಟಿ. ಆ ಚೀಟಿ ಇಲ್ಲ. ಎರಡು ಸಲ ಎಣಿಸಿದೆ. ಪೆಟ್ಟಿಗೆಯ ಮೂಲೆಗಳಲ್ಲಿ ಎಲ್ಲಾದರೂ ಸಿಕ್ಕಿಕೊಂಡಿದೆಯೇ ಎಂದು ಒಳಗೆ ಕೈ ಹಾಕಿದಾಗ ಮೊಳೆ ಗೀರಿ ರಕ್ತ ಬಂತು.

ಎಲ್ಲರ ಚೀಟಿಗೂ ಕ್ರಮವಾಗಿ ಪ್ರಾರ್ಥಿಸುವವಳು ನಾನು, ಒಂದಕ್ಕೂ ಹೆಚ್ಚು ಕಡಿಮೆ ಮಾಡಿದವಳಲ್ಲ. ಇವತ್ತು ಅರ್ಧ ಗಂಟೆ ಪೂರ್ತಿ ಆ ಹೆಂಗಸಿಗೇ ಹೋಯಿತು. ಉಳಿದವರ ಮಂಡಿಗಳು ನೆನಪಾಗಲಿಲ್ಲ. ದೇವರಿಗೆ ಹೇಳಬೇಕಾದ ಮಾತುಗಳು ನನ್ನ ಬಾಯಲ್ಲಿ ಯಾವಾಗಲೂ ಸಾಲಾಗಿ ನಿಂತಿರುತ್ತವೆ. ಇವತ್ತು ಒಂದೂ ಇರಲಿಲ್ಲ. ಸುಮ್ಮನೆ ಮೊಣಕಾಲೂರಿದ್ದೆ. ಆರೋಗ್ಯ ಸರಿಯಿಲ್ಲವೆಂದು ಕಾಣುತ್ತದೆ.

ಅಕ್ಟೋಬರ್ 3, ಶುಕ್ರವಾರ

ಪಾಸ್ಟರ್ ಫೋನು ಮಾಡಿದ್ದರು. ಬುಧವಾರ ಬಡಗಿ ಬಂದು ಆರ್ಗನ್ನನ್ನು ಬಿಚ್ಚುತ್ತಾನಂತೆ. ಆ ಜಾಗಕ್ಕೆ ವೇದಿಕೆ ಬರಬೇಕು.

ತಂಗಿಗೆ ಹೇಳಿದೆ. ಅಳುತ್ತಾಳೆ ಎಂದುಕೊಂಡಿದ್ದೆ. "ಹೌದಾ, ಬುಧವಾರಾನಾ" ಎಂದು ಗೋಡೆಯ ಕ್ಯಾಲೆಂಡರ್ ನೋಡಿದಳು. ಮುಖದಲ್ಲಿ ಎಂಥ ಶಾಂತಿ! ನನಗೆ ಅಂಥ ಶಾಂತಿ ಎಂದೂ ಬಂದದ್ದಿಲ್ಲ. ಸ್ವಲ್ಪ ಅಸೂಯೆಯಾಯಿತು ಎಂದು ಇಲ್ಲಿ ಬರೆದರೆ ತಪ್ಪಿಲ್ಲ.

ಅಕ್ಟೋಬರ್ 6, ಸೋಮವಾರ

ಸ್ತೋತ್ರ! ಪ್ರಾರ್ಥನೆಗೆ ಉತ್ತರ ಬಂದಿದೆ.

ಪೆಟ್ಟಿಗೆ ತೆಗೆದಾಗ ಎಲ್ಲಕ್ಕಿಂತ ಮೇಲೆಯೇ ಇತ್ತು. "ಗುರುವಾರದಿಂದ ಆ ಹೆಂಗಸಿಗಾಗಿ ಪ್ರಾರ್ಥಿಸುವ ಅಗತ್ಯವಿರುವುದಿಲ್ಲ. ಇಷ್ಟು ದಿನ ನೆನೆದವರಿಗೆಲ್ಲ ವಂದನೆಗಳು."

ಮಧ್ಯಾಹ್ನದ ಕೂಟದಲ್ಲಿ ಎಲ್ಲರ ಮುಂದೆ ಗಟ್ಟಿಯಾಗಿ ಓದಿದೆ. ನಲವತ್ತು ಹೆಂಗಸರು ಚಪ್ಪಾಳೆ ತಟ್ಟಿದರು. ಹೆಡ್‌ಮಿಸ್ಟ್ರೆಸ್ ಕಣ್ಣೊರೆಸಿಕೊಂಡಳು. ನನ್ನ ತಂಗಿಯೂ ಕೊನೆಯ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದಳು, ಮೆಲ್ಲಗೆ.

ಈ ಒಂದು ಚೀಟಿಯನ್ನು ಮಾತ್ರ ಹರಿಯಲಿಲ್ಲ. ನಲವತ್ತನೇ ದಿನ ತೋರಿಸಬೇಕೆಂದು ಬೈಬಲಿನಲ್ಲಿಟ್ಟಿದ್ದೇನೆ. ಆದರೆ ಒಂದು ಮಾತು. ಒಳ್ಳೆಯ ಸುದ್ದಿ ಬಂದ ಮೇಲೆ ಎದೆ ಹಗುರಾಗಬೇಕಲ್ಲ? ಬೆಳಿಗ್ಗೆಯಿಂದ ಕಲ್ಲು ನುಂಗಿದ ಹಾಗಿದೆ. ಮಾತ್ರೆ ತುಂಬುವಾಗ ಹಳದಿಯನ್ನೂ ಬಿಳಿಯನ್ನೂ ಅದಲು ಬದಲು ಮಾಡಿರಬೇಕು.

ಅಕ್ಟೋಬರ್ 8, ಬುಧವಾರ

ನನ್ನ ತಂಗಿ ಇದ್ದಾಳೆ. ಆಸ್ಪತ್ರೆಯಲ್ಲಿ ಮಲಗಿದ್ದಾಳೆ, ಅವಳ ಮೈಮೇಲೆ ಒಂದು ಗೀರೂ ಇಲ್ಲ. ಇದಕ್ಕಿಂತ ಹೆಚ್ಚು ಇವತ್ತು ಬರೆಯಲಾರೆ.

ಅಕ್ಟೋಬರ್ 9, ಗುರುವಾರ

ಇವತ್ತು ಗುರುವಾರ. ಬೆಳಿಗ್ಗೆ ಅವಳು ಅರ್ಧ ಲೋಟ ಹಾಲು ಕುಡಿದಳು. ನಿನ್ನೆ ನಡೆದದ್ದನ್ನು ಬರೆಯುತ್ತೇನೆ.

ಹನ್ನೊಂದು ಗಂಟೆಗೆ ಚರ್ಚಿನಲ್ಲಿದ್ದೆ. ಬಡಗಿ ಆರ್ಗನ್ನಿನ ಹಿಂದಿನ ಹಲಗೆ ಬಿಚ್ಚಿದ್ದ. ತಿದಿಯ ಚರ್ಮ ಹರಿದು ನೆಲದ ಮೇಲೆ ಬಿದ್ದಿತ್ತು. "ಅಮ್ಮಾ, ಇದನ್ನೂ ಎಸೀಬೇಕಾ?" ಎಂದು ಒಂದು ನೋಟ್‌ಬುಕ್ ಕೊಟ್ಟ. ಪುಸ್ತಕ ಇಡುವ ಹಲಗೆಯ ಹಿಂದೆ ಸಿಕ್ಕಿಸಿಟ್ಟಿತ್ತಂತೆ.

ತೆರೆದೆ. ಕೀರ್ತನೆಯ ಅಂಕಿ, ಅದರ ಎದುರು ಒಂದೊಂದು ಮಾತು. "ಮೂರನೇ ಚರಣ ನಿಧಾನ." "ಶವಸಂಸ್ಕಾರಕ್ಕೆ ನುಡಿಸಿದರೆ ಜನ ಅಳಲು ಸಮಯ ಕೊಡು." ಆಮೇಲೆ ಇದು: "ಅಕ್ಕನ ಸ್ವರ ಇಲ್ಲಿಗೆ ಏರುವುದಿಲ್ಲ. ಶ್ರುತಿ ಇಳಿಸು." ಮುಂದಿನ ಪುಟದಲ್ಲಿ ಮತ್ತೆ. "ಅಕ್ಕನಿಗೆ ಇದೂ ಕಷ್ಟವಾಗುತ್ತಿದೆ. ಇನ್ನೂ ಇಳಿಸು. ಅವಳಿಗೆ ಗೊತ್ತಾಗಬಾರದು." ಪುಟ ಪುಟದಲ್ಲೂ. ಮೊದಲನೆಯದರ ಪಕ್ಕದ ತಾರೀಖು ಹದಿನಾಲ್ಕು ವರ್ಷ ಹಿಂದಿನದು.

ಮೊದಲು ನನಗೆ ಬಂದದ್ದು ಕೋಪ. ಅದನ್ನು ಮುಚ್ಚಿಡುವುದಿಲ್ಲ. ನನ್ನ ಸ್ವರದ ಬಗ್ಗೆ ತೀರ್ಮಾನ ಮಾಡಲು ಇವಳು ಯಾರು ಎಂದುಕೊಂಡೆ. ಆ ಕೋಪದಲ್ಲೇ ಮತ್ತೊಮ್ಮೆ ಓದಲು ಹೊರಟಾಗ ಅಕ್ಷರಗಳನ್ನು ನೋಡಿದೆ. ಎಡಕ್ಕೆ ವಾಲಿದ ಅಕ್ಷರಗಳು, ಗಾಳಿಗೆ ಎದುರಾಗಿ ನಡೆಯುವವರ ಹಾಗೆ.

ಬೈಬಲಿನಿಂದ ಚೀಟಿ ತೆಗೆದು ಪಕ್ಕದಲ್ಲಿಟ್ಟೆ.

ನಲವತ್ತೊಂಬತ್ತು ವರ್ಷ ಒಂದೇ ಸೂರಿನ ಕೆಳಗೆ ಇದ್ದೇವೆ. ನನ್ನ ತಂಗಿಯ ಕೈಬರಹ ಹೇಗಿರುತ್ತದೆಂದು ನನಗೆ ಗೊತ್ತಿರಲಿಲ್ಲ.

ಚರ್ಚಿನಿಂದ ಮನೆಗೆ ಹದಿನಾಲ್ಕು ನಿಮಿಷದ ದಾರಿ. ನಾನು ಓಡಿದೆ. ಕೋಟನ್ನೂ ಕೈಚೀಲವನ್ನೂ ಬೆಂಚಿನ ಮೇಲೆ ಬಿಟ್ಟು, ನೋಟ್‌ಬುಕ್ ಮಾತ್ರ ಹಿಡಿದುಕೊಂಡು, ತಲೆ ಕೆದರಿಕೊಂಡು, ಬೇಕರಿಯ ಮುಂದೆ ನಿಂತಿದ್ದ ಜನರೆಲ್ಲ ನೋಡುತ್ತಿರುವಂತೆ ಓಡಿದೆ. ಪ್ರಾರ್ಥನೆ ಮಾಡಿದೆನೇ ಎಂದು ಯಾರಾದರೂ ಕೇಳಿದರೆ ಹೌದು ಎನ್ನುತ್ತೇನೆ. "ಬೇಡ, ಬೇಡ, ಬೇಡ" ಎಂಬ ಒಂದೇ ಮಾತು.

ಬಾಗಿಲು ತಟ್ಟದೆ ಅವಳ ಕೋಣೆಗೆ ನುಗ್ಗಿದೆ. ಹಾಸಿಗೆಯನ್ನು ಸುತ್ತಿ ದಾರ ಕಟ್ಟಿದ್ದಳು. ಗೋಡೆಯ ಮೇಲೆ ಒಂದು ಪಟವೂ ಇರಲಿಲ್ಲ. ಅವಳು ಭಾನುವಾರದ ಉಡುಪು ತೊಟ್ಟು ಕುರ್ಚಿಯಲ್ಲಿ ಕೂತು ಬೂಟಿನ ದಾರ ಕಟ್ಟುತ್ತಿದ್ದಳು.

"ಎಲ್ಲಿಗೆ ಹೊರಟೆ?"

"ಇವತ್ತು ಎಲ್ಲಿಗೂ ಇಲ್ಲ ಅಕ್ಕ. ಸರಿಯಾಗಿದ್ಯಾ ಅಂತ ಹಾಕಿ ನೋಡ್ತಿದ್ದೆ." ನನ್ನನ್ನು ನೋಡಿ ಗಾಬರಿಯಾದಳು. "ಯಾಕೆ ಹೀಗೆ ಏದುಸಿರು? ಮಾತ್ರೆ ತಗೊಂಡ್ಯಾ?"

ಬರಿಯ ಮಂಚದ ಮೇಲೆ ಕೂತೆ. ಇಪ್ಪತ್ತಾರು ವರ್ಷ ನಾಲ್ಕು ಜನರ ಮುಂದೆ ಮಾತನಾಡಿದ ನನಗೆ ಒಂದು ಮಾತೂ ಹೊಳೆಯಲಿಲ್ಲ. ಸೊಸೆ ಹೇಳಿದ ಮಾತು ಮಾತ್ರ ನೆನಪಿತ್ತು. ಅದನ್ನೇ ಕೇಳಿದೆ.

"ಸಾಯಬೇಕು ಅಂತಿದ್ದೀಯಾ?"

ಅವಳ ಕೈ ಬೂಟಿನ ದಾರದ ಮೇಲೆ ಹಾಗೇ ನಿಂತಿತು. "ಹೂಂ" ಎಂದಳು.

"ನಾಳೆ?"

"ಹೂಂ."

"ಆರ್ಗನ್ನಿಗಾ? ನಾನು ಕೈ ಎತ್ತಿದ್ದಕ್ಕಾ?"

"ಅದೊಂದೇ ಅಲ್ಲ ಅಕ್ಕ. ಅದು ಇದ್ದಾಗ ವಾರಕ್ಕೆ ಒಂದು ದಿನ ನಾನು ಅನ್ನೋಳು ಇದ್ದೆ. ಅದು ಹೋದಮೇಲೆ ನೋಡಿದೆ, ಬಾಕಿ ಆರು ದಿನ ಮೊದಲಿಂದಲೂ ಯಾರೂ ಇರಲಿಲ್ಲ."

"ಆ ಚೀಟಿ..."

"ಪೆಟ್ಟಿಗೆ ತೆಗೆಯೋಳು ನೀನೊಬ್ಬಳೇ ಅಲ್ವಾ. ನಾನು ಬರೆದದ್ದನ್ನ ನೋಡೋಳೂ ನೀನೊಬ್ಬಳೇ. ಅದಕ್ಕೇ ಅದರಲ್ಲಿ ಹಾಕಿದ್ದು."

"ನನಗೆ ಗೊತ್ತಾಗಲಿಲ್ಲ ಕಣೇ."

"ಗೊತ್ತಾಗಿದೆ, ಆದರೂ ಸುಮ್ಮನಿದ್ದೀಯ ಅಂದ್ಕೊಂಡೆ." ಅವಳ ಧ್ವನಿಯಲ್ಲಿ ದೂರು ಇರಲಿಲ್ಲ. ಸಾಮಾನಿನ ಪಟ್ಟಿ ಓದುವವಳ ಹಾಗೆ ಹೇಳಿದಳು. "ಮೂರನೇ ಚೀಟಿನ ನಕಲು ಮಾಡಿ ನನ್ನ ತಟ್ಟೆ ಪಕ್ಕಾನೇ ಇಟ್ಟೆಯಲ್ಲ. ಸರಿ, ಅಕ್ಕನಿಗೂ ಒಪ್ಪಿಗೆ ಇದೆ ಅಂದ್ಕೊಂಡೆ."

ನಾನು ನೆಲದ ಮೇಲೆ ಕೂತು ಅವಳ ಬೂಟಿನ ದಾರ ಬಿಚ್ಚಿದೆ. ಗಂಟು ಬಿಗಿಯಾಗಿತ್ತು, ಹಲ್ಲಿನಿಂದ ಕಚ್ಚಿ ಬಿಚ್ಚಿದೆ. ಎರಡೂ ಬೂಟುಗಳನ್ನು ಮಡಿಲಲ್ಲಿ ಇಟ್ಟುಕೊಂಡೇ ಸೊಸೆ ಕೆಲಸ ಮಾಡುವ ಆಸ್ಪತ್ರೆಗೆ ಫೋನು ಮಾಡಿದೆ. ಸೊಸೆ ಪ್ರಶ್ನೆ ಕೇಳಲಿಲ್ಲ. "ಅತ್ತೆ, ಅವರನ್ನ ಒಂದು ನಿಮಿಷಾನೂ ಒಂಟಿಯಾಗಿ ಬಿಡಬೇಡಿ. ಮಾತಾಡ್ತಾ ಇರಿ, ಬರ್ತಿದ್ದೀನಿ" ಎಂದಳಷ್ಟೇ.

ಏನು ಮಾತನಾಡುವುದು? ನಲವತ್ತೊಂಬತ್ತು ವರ್ಷದಲ್ಲಿ ನಾನು ಅವಳಿಗೆ ಹೇಳಿದ್ದೇನೆ, ಅವಳೊಡನೆ ಮಾತನಾಡಿಲ್ಲ. ಕೊನೆಗೆ ಎಂದೆ: "ನನ್ನ ಸ್ವರ ಅಷ್ಟೊಂದು ಕೆಟ್ಟು ಹೋಗಿದ್ಯಾ?"

ಅವಳು ನನ್ನ ಪಕ್ಕದಲ್ಲಿ ಬಿದ್ದಿದ್ದ ನೋಟ್‌ಬುಕ್ ನೋಡಿದಳು. "ಹತ್ತು ವರ್ಷದ ಹಿಂದೇನೇ ಹೋಗಿದೆ ಅಕ್ಕ" ಎಂದಳು. ಆಮೇಲೆ ಅವಳು ಅತ್ತಳು.

ಡಾಕ್ಟರ್ ಹೇಳಿದ್ದು: ಇದು ಕಾಯಿಲೆ. ಔಷಧಿ ಇದೆ, ಸಮಯ ಬೇಕು, ಎರಡು ವಾರ ಇಲ್ಲೇ ಇರಲಿ. ಆಮೇಲೂ ಕಣ್ಣಿಟ್ಟಿರಬೇಕು. ಗ್ಯಾರಂಟಿ ಕೊಡಿ ಎಂದೆ. ಗ್ಯಾರಂಟಿ ಕೊಡುವುದಿಲ್ಲ ಎಂದರು. ನನ್ನ ಮುಖದ ಮೇಲೆ ಹಾಗೆ ಹೇಳಿದವರು ಬಹಳ ಜನ ಇಲ್ಲ.

ಅಕ್ಟೋಬರ್ 12, ಭಾನುವಾರ

ನಲವತ್ತನೇ ದಿನ.

ಬೆಳಿಗ್ಗೆ ಆಸ್ಪತ್ರೆಗೆ ಹೋಗಿ ತಂಗಿಯನ್ನು ಕೇಳಿದೆ. "ಸಭೆಯಲ್ಲಿ ಹೇಳಲಾ? ಬೇಡ ಅಂದರೆ ಬೇಡ."

ಅವಳು ಕಿಟಕಿಯ ಕಡೆ ನೋಡಿದಳು. ಅವಳ ಮನಸ್ಸಿನಲ್ಲಿ ಏನಿದೆಯೆಂದು ನನಗೆ ಇನ್ನೂ ತಿಳಿಯುವುದಿಲ್ಲ. ಔಷಧಿ ಇನ್ನೂ ಹತ್ತಿಲ್ಲ. "ಹೇಳು" ಎಂದಳು. "ಆದರೆ ಅಪ್ಪಣೆ ಕೊಡೋ ಹಾಗೆ ಹೇಳಬೇಡ."

ಬೆಂಚುಗಳು ತುಂಬಿದ್ದವು, ಹಿಂದೆ ಜನ ನಿಂತಿದ್ದರು. ಹೊಸ ವೇದಿಕೆಗೆ ಬಣ್ಣದ ವಾಸನೆ. ಪಾಸ್ಟರ್ ನನ್ನನ್ನು ಕರೆದು ಕೈಗೆ ಮೈಕು ಕೊಟ್ಟರು. ಬರೆದಿಟ್ಟುಕೊಂಡದ್ದು ಏನೂ ಇರಲಿಲ್ಲ.

"ಸೋಮವಾರ ಸ್ತ್ರೀಯರ ಕೂಟದಲ್ಲಿ ನಾನು ಒಂದು ಚೀಟಿ ಓದಿದೆ. ಪ್ರಾರ್ಥನೆಗೆ ಉತ್ತರ ಬಂತು ಅಂದೆ. ನೀವು ಚಪ್ಪಾಳೆ ತಟ್ಟಿದಿರಿ. ಅದು ಉತ್ತರವಲ್ಲ. ಒಬ್ಬಳು ಸಾಯುವ ದಿನ ಗೊತ್ತು ಮಾಡಿಕೊಂಡು ನಮಗೆ ವಂದನೆ ಹೇಳಿದ್ದಳು. ಇಪ್ಪತ್ನಾಲ್ಕು ಜನ ಅವಳಿಗಾಗಿ ಮೊಣಕಾಲೂರಿದೆವು. ಒಬ್ಬರೂ ಎದ್ದು ಹೋಗಿ ಅವಳನ್ನು ಕೇಳಲಿಲ್ಲ. ಕೇಳಬಾರದು ಎಂಬ ನಿಯಮ ನನ್ನದು. ಅವಳು ಬದುಕಿದ್ದಾಳೆ. ಅವಳು ನನ್ನ ತಂಗಿ."

ಪರದೆಯ ಮೇಲೆ ಮುಂದಿನ ಹಾಡಿನ ಮೊದಲ ಸಾಲು ಹಾಗೇ ನಿಂತಿತ್ತು. ಹೆಡ್‌ಮಿಸ್ಟ್ರೆಸ್ ತಲೆ ತಗ್ಗಿಸಿದಳು. ಅಧ್ಯಕ್ಷೆಯ ಕೆಲಸ ಬಿಟ್ಟಿದ್ದೇನೆ ಎಂದು ಹೇಳಿ ಮೈಕು ಕೊಟ್ಟು ಇಳಿದೆ.

ಆರಾಧನೆ ಮುಗಿದ ಮೇಲೆ ಪೆಟ್ಟಿಗೆ ತೆಗೆದೆ. ಒಂಬತ್ತು ಚೀಟಿ ಇತ್ತು. ನಕಲು ಮಾಡಲಿಲ್ಲ, ಹರಿಯಲೂ ಇಲ್ಲ. ಆಮೇಲೆ ಬಡಗಿ ಬಿಟ್ಟುಹೋಗಿದ್ದ ಸ್ಕ್ರೂಡ್ರೈವರ್ ತಂದು ಪೆಟ್ಟಿಗೆಯನ್ನೇ ಗೋಡೆಯಿಂದ ಬಿಚ್ಚಿದೆ. ಪಾಸ್ಟರ್ ಓಡಿ ಬಂದರು.

"ಅಮ್ಮಾ, ದುಡುಕಬೇಡಿ. ನಿಮ್ಮ ನೋವು ಅರ್ಥ ಆಗತ್ತೆ. ಆದರೆ ಗುಟ್ಟು ಉಳಿಯಲ್ಲ ಅಂದರೆ ಯಾರೂ ಬರೋದಿಲ್ಲ."

"ಬರದಿದ್ದರೆ ನಾನೇ ಹೋಗ್ತೀನಿ. ಈ ಒಂಬತ್ತರಲ್ಲಿ ಆರು ಜನರ ಅಕ್ಷರ ಗುರುತು ಹಿಡಿದಿದ್ದೀನಿ. ಮೂವರದ್ದು ಗೊತ್ತಾಗಿಲ್ಲ."

"ಎಷ್ಟು ಮನೆ ಅಂತ ಹೋಗ್ತೀರಿ?"

"ಎಷ್ಟಿದೆಯೋ ಅಷ್ಟು."

ಅವರು ಆ ಮೂರು ಚೀಟಿಗಳನ್ನು ನೋಡಿದರು. ಒಂದನ್ನು ಓದುವಾಗ ಅವರ ಮುಖ ಬದಲಾಯಿತು. ಅದರಲ್ಲಿ ಒಂದೇ ಸಾಲು ಇತ್ತು. ಅದನ್ನು ಇಲ್ಲಿ ಬರೆಯುವುದಿಲ್ಲ. ಪಾಸ್ಟರ್ ಒಳಗೆ ಹೋಗಿ ಎರಡು ಕುರ್ಚಿ ತಂದು ಬಾಗಿಲ ಹತ್ತಿರ ಇಟ್ಟು ಹೋದರು.

ಪೆಟ್ಟಿಗೆ ಇದ್ದ ಜಾಗದ ಕೆಳಗೆ ಕೂತೆ. ಜನ ಹೊರಗೆ ಹೋಗುತ್ತಿದ್ದರು. ಕೆಲವರು ನನ್ನ ಭುಜ ಮುಟ್ಟಿದರು, ಹೆಚ್ಚಿನವರು ಇನ್ನೊಂದು ಬಾಗಿಲಿನಿಂದ ಹೋದರು. ಹನ್ನೆರಡೂಕಾಲಿಗೆ ಸಭಾಂಗಣ ಖಾಲಿಯಾಯಿತು. ಕೊನೆಯಲ್ಲಿ ಒಬ್ಬಳು ಉಳಿದಿದ್ದಳು. ಮೂವತ್ತು ವರ್ಷದವಳಿರಬೇಕು. ಪ್ರತಿ ವಾರ ಬಂದು ಕಂಬದ ಹಿಂದೆ ಕೂತು ಹೋಗುವವಳು. ಅವಳ ಹೆಸರು ನನಗೆ ಗೊತ್ತಿಲ್ಲ. ಹತ್ತಿರ ಬಂದು ನಿಂತಳು. ಖಾಲಿ ಕುರ್ಚಿಯನ್ನು ನೋಡಿದಳು.

"ಟೈಮ್ ಎಷ್ಟಾಯ್ತಮ್ಮಾ?" ಎಂದಳು.

ಹೇಳಿದೆ. "ಸರಿ" ಎಂದು ಮೆಟ್ಟಿಲಿಳಿದು ರಸ್ತೆಯ ಕಡೆ ನಡೆದಳು. ಅವಳ ಕೈಯಲ್ಲೇ ಗಡಿಯಾರ ಇತ್ತು.

ನಾನು ಎದ್ದು ಅವಳ ಹಿಂದೆ ಹೋದೆ. ಗೇಟಿನ ಹತ್ತಿರ ಅವಳ ತೋಳು ಹಿಡಿದು ನಿಲ್ಲಿಸಿ, ಕೇಳಿದೆ.